ಒಂದು ಟಿಬಿ ಡಿಸ್ಕು, ಎರಡು ಮನೆ

ನಮ್ಮ ಭಾವನಿಗೆ ಯಕ್ಷಗಾನದ ಹುಚ್ಚು. ಸುತ್ತಮುತ್ತ ಎಲ್ಲೇ ಆಟ ಇರಲಿ, ಕ್ಯಾಮೆರಾ, ಸ್ಟ್ಯಾಂಡು ಹೊತ್ತುಕೊಂಡು ಹೊರಟುಬಿಡುತ್ತಾರೆ. ಅವರು ತಂದ ವಿಡಿಯೋ ಕತ್ತರಿಸಿ ಜೋಡಿಸುವುದು ಅವರ ಮಗ, ಅಂದರೆ ನನ್ನ ಅಳಿಯ. ಅವನದು ವಿಂಡೋಸ್ ಕಂಪ್ಯೂಟರು. ಧ್ವನಿ ಸರಿ ಮಾಡುವುದು ನನ್ನ ಪಾಲಿಗೆ ಬಂದಿದೆ. ಚೆಂಡೆ ಪೆಟ್ಟಿನಲ್ಲಿ ಭಾಗವತರ ದನಿ ಮುಳುಗಿಹೋಗಿರುತ್ತದಲ್ಲ, ಅದನ್ನು ಮೇಲಕ್ಕೆತ್ತುವ ಕೆಲಸ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್ ಅಲ್ಲ, ಉಬುಂಟು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ.

ಕ್ಯಾಮೆರಾ ಸೆಕೆಂಡಿಗೆ 24 ಮೆಗಾಬಿಟ್ ಬರೆಯುತ್ತದೆ. ಗಂಟೆಗೆ ಹತ್ತಿರಹತ್ತಿರ 11 ಜಿಬಿ. ಆರು ಗಂಟೆಯ ಆಟ ಅಂದರೆ 65 ಜಿಬಿ. ನಮ್ಮ ಕಡೆಯ ಇಂಟರ್ನೆಟ್ಟಿನಲ್ಲಿ ಇದನ್ನು ಕಳಿಸುವ ಮಾತೇ ಇಲ್ಲ. ಹಾಗಾಗಿ 1 ಟಿಬಿಯ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದೆವು. ಅದು ಚೀಲದಲ್ಲಿ ಕೂತು ಬಸ್ಸಿನಲ್ಲಿ ಎರಡು ಮನೆಗೂ ಓಡಾಡುತ್ತದೆ.

ಅಂಗಡಿಯಿಂದ ಬಂದಾಗ ಅದು ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಆಗಿತ್ತು. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವಿಂಡೋಸಿನ ಪದ್ಧತಿ ಅದು. ಹಾಗೇ ಬಳಸಿದೆವು. ಮೂರು ತಿಂಗಳು ಏನೂ ತೊಂದರೆ ಇರಲಿಲ್ಲ. ಒಂದು ದಿನ ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದರೆ ಡಿಸ್ಕ್ ತೆರೆಯಲೇ ಇಲ್ಲ. ದೀಪ ಮಿಣುಕುತ್ತಿದೆ, ಒಳಗೆ ತಿರುಗುವ ಸದ್ದೂ ಬರುತ್ತಿದೆ, ಆದರೆ ಮೌಂಟ್ ಆಗುವುದಿಲ್ಲ ಎಂದು ಲಿನಕ್ಸ್ ಹಟ ಹಿಡಿಯಿತು. ಅಳಿಯನಿಗೆ ಫೋನ್ ಮಾಡಿದೆ.

"ಕೇಬಲ್ ಹಾಗೇ ಕಿತ್ತೆಯಾ?"

"ಇಲ್ಲ ಮಾವ, ಕಂಪ್ಯೂಟರ್ ಪೂರ್ತಿ ಆಫ್ ಮಾಡಿಯೇ ತೆಗೆದದ್ದು."

ಅವನು ಸುಳ್ಳು ಹೇಳಿರಲಿಲ್ಲ. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಆನ್ ಇದ್ದರೆ ಶಟ್ ಡೌನ್ ಒತ್ತಿದರೂ ಕಂಪ್ಯೂಟರು ಪೂರ್ತಿ ಮಲಗುವುದಿಲ್ಲ, ಅರ್ಧ ನಿದ್ದೆ. ನಾಳೆ ಬೇಗ ಏಳಲಿ ಅಂತ ಒಂದಷ್ಟನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಆಗ ಚುಚ್ಚಿಯೇ ಇದ್ದ ಎನ್‌ಟಿಎಫ್‌ಎಸ್ ಡಿಸ್ಕಿನ ಲೆಕ್ಕವೂ ಮುಗಿಯದೆ ಉಳಿಯಬಹುದು. ಮುಗಿಯದ ಲೆಕ್ಕದ ಮೇಲೆ ಬರೆಯಲು ಲಿನಕ್ಸ್ ಒಪ್ಪುವುದಿಲ್ಲ. ಒಪ್ಪಬಾರದು ಕೂಡ. ಡಿಸ್ಕನ್ನು ವಾಪಸ್ ಅವನ ಮನೆಗೆ ಕಳಿಸಿ, ಎರರ್ ಚೆಕಿಂಗ್ ಓಡಿಸಿ, ಶಟ್ ಡೌನ್ ಬದಲು ರೀಸ್ಟಾರ್ಟ್ ಮಾಡಿಸಿ, ಕಂಪ್ಯೂಟರು ಮತ್ತೆ ಆನ್ ಆಗುವ ಹೊತ್ತಿಗೆ ಕೇಬಲ್ ತೆಗೆಸಿದೆ. ರೀಸ್ಟಾರ್ಟಿನಲ್ಲಿ ಆ ಅರ್ಧ ನಿದ್ದೆಯ ಕಥೆ ಇಲ್ಲ. ಸರಿಹೋಯಿತು. ಆದರೆ ಎರಡು ಬಸ್ಸು, ಎರಡು ದಿನ ಹೋಯಿತು.

ಎನ್‌ಟಿಎಫ್‌ಎಸ್ಸನ್ನೇ ಇಟ್ಟುಕೊಳ್ಳುವುದು ಬೇಡ ಅನ್ನಿಸಿತು. ಹಾಗಾದರೆ ಬೇರೆ ಯಾವ ಪದ್ಧತಿ? ಫ್ಯಾಟ್32 ಎಲ್ಲಿ ಬೇಕಾದರೂ ತೆರೆಯುತ್ತದೆ, ಆದರೆ ಒಂದು ಫೈಲು 4 ಜಿಬಿ ದಾಟುವ ಹಾಗಿಲ್ಲ. ನಮ್ಮ ಕ್ಯಾಮೆರಾದ ಲೆಕ್ಕದಲ್ಲಿ 24 ನಿಮಿಷಕ್ಕೆ 4 ಜಿಬಿ ಮುಗಿಯುತ್ತದೆ. ಒಡ್ಡೋಲಗ ಮುಗಿದು ಮಾತು ಶುರುವಾಗುವಷ್ಟರಲ್ಲಿ ಫೈಲು ಭರ್ತಿ! ಲಿನಕ್ಸಿನ ಇಎಕ್ಸ್‌ಟಿ4 ನನಗೆ ಪ್ರೀತಿ, ಆದರೆ ವಿಂಡೋಸ್ ತಾನಾಗಿ ಅದನ್ನು ಓದುವುದಿಲ್ಲ. ಅಳಿಯನ ಕಂಪ್ಯೂಟರಿನಲ್ಲಿ ಹೆಚ್ಚುವರಿ ಸಾಫ್ಟ್‌ವೇರ್ ಹಾಕಿಸಿ, ಅದು ಕೈಕೊಟ್ಟಾಗಲೆಲ್ಲ ನಾನು ಫೋನಿನಲ್ಲಿ ಕೂರುವುದು ನನ್ನಿಂದ ಆಗದು.

ಉತ್ತರ ನನ್ನ ಕೈಯಲ್ಲೇ ಇತ್ತು. ಭಾವನ ಕ್ಯಾಮೆರಾದ 64 ಜಿಬಿ ಕಾರ್ಡು. ಅದನ್ನು ಯಾವ ತಕರಾರೂ ಇಲ್ಲದೆ ನಾನೂ ತೆರೆಯುತ್ತಿದ್ದೆ, ಅಳಿಯನೂ ತೆರೆಯುತ್ತಿದ್ದ. ಏಕೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. 32 ಜಿಬಿ ಮೀರಿದ ಎಸ್‌ಡಿ ಕಾರ್ಡುಗಳಿಗೆ ಎಕ್ಸ್‌ಫ್ಯಾಟ್ ಎಂಬ ಪದ್ಧತಿ ಇರಬೇಕೆಂದು ನಿಯಮವೇ ಇದೆ. ಇದನ್ನು ಮೈಕ್ರೋಸಾಫ್ಟ್ ತಂದದ್ದು 2006ರಲ್ಲಿ. ಉಬುಂಟು 18.04 ಇದ್ದ ಕಾಲದಲ್ಲಿ ಇದನ್ನು ಓದಿಸಲು ನಾನೇ ಬೇರೆ ಪ್ಯಾಕೇಜ್ ಹಾಕಿಕೊಳ್ಳಬೇಕಿತ್ತು, ಅದು ನಿಧಾನ ಬೇರೆ. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಎಲ್ಲರಿಗೂ ತೆರೆದಿಟ್ಟಿತು. 2020ರಲ್ಲಿ ಬಂದ 5.7 ಕರ್ನಲ್‌ನಲ್ಲಿ, ಅಂದರೆ ಲಿನಕ್ಸಿನ ತಿರುಳಿನಲ್ಲಿ, ಎಕ್ಸ್‌ಫ್ಯಾಟ್ ಓದಿ ಬರೆಯಲು ಸ್ಯಾಮ್‌ಸಂಗ್ ಬರೆದ ಒಳ್ಳೆಯ ಡ್ರೈವರ್ ಸೇರಿತು. ನನ್ನ ತಲೆಯಲ್ಲಿ ಮಾತ್ರ ಹಳೆಯ ಕಿರಿಕಿರಿಯೇ ಉಳಿದಿತ್ತು, ಅದಕ್ಕೇ ಈ ಕಡೆ ತಿರುಗಿ ನೋಡಿರಲಿಲ್ಲ.

ಇದ್ದದ್ದನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟು ಫಾರ್ಮ್ಯಾಟಿಗೆ ಕೂತೆ. ಎಲ್ಲಕ್ಕಿಂತ ಮೊದಲು ಯಾವ ಡಿಸ್ಕು ಯಾವುದು ಅಂತ ಗೊತ್ತುಮಾಡಿಕೊಂಡೆ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ (lsblk) ಎಂಬ ಆಜ್ಞೆ ಹೊಡೆದರೆ ಡಿಸ್ಕುಗಳ ಪಟ್ಟಿ ಬರುತ್ತದೆ. ನನ್ನ ಒಳಗಿನ ಡಿಸ್ಕು 476.9ಜಿ, ಹೊರಗಿನದು 931.5ಜಿ. (1 ಟಿಬಿ ಎಂದು ಡಬ್ಬಿಯಲ್ಲಿ ಬರೆದದ್ದು ಇಲ್ಲಿ 931 ಆಗುತ್ತದೆ. ಅಂಗಡಿಯವನು ಮೋಸ ಮಾಡಿದ್ದಲ್ಲ. ಅವರು ಸಾವಿರದ ಲೆಕ್ಕದಲ್ಲಿ ಹೇಳುತ್ತಾರೆ, ಕಂಪ್ಯೂಟರು 1024ರ ಲೆಕ್ಕ ಹಿಡಿಯುತ್ತದೆ.) ಕೇಬಲ್ ತೆಗೆದು ಮತ್ತೊಮ್ಮೆ ಪಟ್ಟಿ ನೋಡಿದೆ. 931.5 ಮಾಯವಾಯಿತು. ಚುಚ್ಚಿದೆ, ಬಂತು. ಅಲ್ಲಿಗೆ ಖಾತ್ರಿ. ಅವಸರ ಮಾಡಿ ಮನೆಯ ಫೋಟೋಗಳಿರುವ ಡಿಸ್ಕನ್ನೇ ಒರೆಸಿಕೊಂಡು ಕೂತವರನ್ನು ನೋಡಿದ್ದೇನೆ.

ಆಮೇಲೆ ಜಾಣತನ ತೋರಿಸಲು ಹೋಗಿ ಸಿಕ್ಕಿಕೊಂಡೆ. ಎಫ್‌ಡಿಸ್ಕ್ ಎಂಬ ಲಿನಕ್ಸ್ ಪ್ರೋಗ್ರಾಮಿನಲ್ಲಿ ಹಳೆಯ ಪಾರ್ಟಿಷನ್ (ಡಿಸ್ಕಿನ ಪಾಲು) ಅಳಿಸಿ, ಪಾಲುಗಳ ಲೆಕ್ಕ ಇಡುವ ಹೊಸ ಜಿಪಿಟಿ ಟೇಬಲ್ ಬರೆದು, ಒಂದೇ ದೊಡ್ಡ ಪಾರ್ಟಿಷನ್ ಮಾಡಿ, ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಹೊಡೆದೆ. ನನ್ನಲ್ಲಿ ಬೆಣ್ಣೆಯ ಹಾಗೆ ಕೆಲಸ ಮಾಡಿತು. 65 ಜಿಬಿ ತುಂಬಿಸಿ ಕಳಿಸಿದೆ. ಸಂಜೆ ಅಳಿಯನ ಫೋನು: "ಮಾವ, ಡಿಸ್ಕು ಕಾಣ್ತಾನೇ ಇಲ್ಲ."

ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆಯಲು ಹೇಳಿದೆ. ಅಲ್ಲಿ ಇದೆ, 931 ಜಿಬಿ ಎಂದೂ ತೋರಿಸುತ್ತಿದೆ, ಆದರೆ ಡ್ರೈವ್ ಲೆಟರ್ ಇಲ್ಲ. ರೈಟ್ ಕ್ಲಿಕ್ ಮಾಡಿದರೆ ಲೆಟರ್ ಕೊಡುವ ಆಯ್ಕೆಯೇ ಮಂಕಾಗಿದೆ. ಅರ್ಧ ರಾತ್ರಿ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಪಾರ್ಟಿಷನ್ನಿಗೂ ಒಂದು ಹಣೆಪಟ್ಟಿ ಇರುತ್ತದೆ, ಒಳಗಿರುವುದು ಯಾರ ಸಾಮಾನು ಅಂತ ಹೇಳುವ ಟೈಪ್. ನಾನು ಏನೂ ಹೇಳದಿದ್ದರೆ ಎಫ್‌ಡಿಸ್ಕ್ ಅದಕ್ಕೆ "ಲಿನಕ್ಸ್ ಫೈಲ್‌ಸಿಸ್ಟಮ್" ಅಂತ ಅಂಟಿಸುತ್ತದೆ. ಒಳಗೆ ಎಕ್ಸ್‌ಫ್ಯಾಟ್ ಇದ್ದರೇನು, ಹಣೆಪಟ್ಟಿ ನೋಡಿಯೇ ವಿಂಡೋಸ್ ಇದು ನನ್ನದಲ್ಲ ಅಂತ ಸುಮ್ನಾಗುತ್ತದೆ. ಡಿಸ್ಕು ವಾಪಸ್ ಬಂದ ಮೇಲೆ ಎಫ್‌ಡಿಸ್ಕ್‌ನಲ್ಲಿ ಟಿ ಒತ್ತಿ, ಟೈಪನ್ನು "ಮೈಕ್ರೋಸಾಫ್ಟ್ ಬೇಸಿಕ್ ಡೇಟಾ" ಅಂತ ಬದಲಿಸಿ, ಡಬ್ಲ್ಯೂ ಒತ್ತಿ ಉಳಿಸಿದೆ. ಮತ್ತೆ ಫಾರ್ಮ್ಯಾಟ್ ಬೇಕಾಗಲಿಲ್ಲ, ಒಳಗಿದ್ದ 65 ಜಿಬಿ ಹಾಗೇ ಇತ್ತು. ಮರುದಿನ ಅವನ ಕಂಪ್ಯೂಟರಿನಲ್ಲಿ ಇ ಡ್ರೈವ್ ಆಗಿ ಬಂದು ಕೂತಿತು.

ಯಾರಾದರೂ ಕೇಳಿದರೆ ಈಗ ಹೇಳುವುದು ಒಂದೇ: ವಿಂಡೋಸಿನಲ್ಲೇ ಫಾರ್ಮ್ಯಾಟ್ ಮಾಡಿ. ರೈಟ್ ಕ್ಲಿಕ್, ಫಾರ್ಮ್ಯಾಟ್, ಎಕ್ಸ್‌ಫ್ಯಾಟ್, ಕ್ವಿಕ್ ಫಾರ್ಮ್ಯಾಟ್‌ಗೆ ಟಿಕ್. ಲಿನಕ್ಸ್ ಏನೂ ಮಾತಾಡದೆ ಓದುತ್ತದೆ. ನಾನು ಕಲಿತ ಎಫ್‌ಡಿಸ್ಕ್ ವಿದ್ಯೆ ಇಲ್ಲಿ ಯಾರಿಗೂ ಬೇಡ.

ಎಕ್ಸ್‌ಫ್ಯಾಟ್‌ಗೆ ತನ್ನದೇ ದೋಷಗಳಿವೆ. ಎನ್‌ಟಿಎಫ್‌ಎಸ್, ಇಎಕ್ಸ್‌ಟಿ4 ಎರಡರಲ್ಲೂ ಜರ್ನಲ್ ಇದೆ, ಅಂದರೆ ಮಾಡುವ ಕೆಲಸವನ್ನು ಮೊದಲು ಬರೆದಿಟ್ಟುಕೊಳ್ಳುವ ಕಡತ. ಇದರಲ್ಲಿ ಅದಿಲ್ಲ. ಬರೆಯುವಾಗ ಕೇಬಲ್ ಕಿತ್ತರೆ ಹೋದದ್ದು ಹೋದಂತೆಯೇ. ಅದರಲ್ಲೂ ಲಿನಕ್ಸಿನಲ್ಲಿ ಕಾಪಿಯ ಪಟ್ಟಿ ನೂರಕ್ಕೆ ಬಂದು ನಿಂತರೂ ಕೆಲಸ ಮುಗಿದಿರುವುದಿಲ್ಲ. ಕೊನೆಯ ಒಂದೆರಡು ಜಿಬಿ ಇನ್ನೂ ರ‍್ಯಾಮಿನಲ್ಲೇ ಇರುತ್ತದೆ. ಎಜೆಕ್ಟ್ ಒತ್ತಿದ ಮೇಲೆ "ಈಗ ತೆಗೆಯಬಹುದು" ಎಂಬ ಮಾತು ಬರುವ ತನಕ ಕಾಯಬೇಕು. ನಾನು ಅಷ್ಟರಲ್ಲಿ ಒಂದು ಲೋಟ ಚಹಾ ಮುಗಿಸುತ್ತೇನೆ.

ಇನ್ನೊಂದು, ಚಿಲ್ಲರೆ ಫೈಲುಗಳು. ಇಷ್ಟು ದೊಡ್ಡ ಡಿಸ್ಕನ್ನು ವಿಂಡೋಸ್ ಎಕ್ಸ್‌ಫ್ಯಾಟ್ ಮಾಡುವಾಗ 128 ಕೆಬಿಯ ತುಂಡುಗಳಾಗಿ ಹಂಚುತ್ತದೆ. ಫೈಲು 2 ಕೆಬಿ ಇದ್ದರೂ ಒಂದು ತುಂಡು ಪೂರ್ತಿ ಅದಕ್ಕೇ. ನನ್ನ 8,000 ಸಣ್ಣ ಟೆಕ್ಸ್ಟ್ ಫೈಲುಗಳು ಒಟ್ಟು 16 ಎಂಬಿ. ಅಲ್ಲಿಗೆ ಹಾಕಿದರೆ 1 ಜಿಬಿ ನುಂಗಿದವು. ಈಗ ಅಂಥವನ್ನು ಟಾರ್ ಕಟ್ಟಿ ಒಂದೇ ಫೈಲಾಗಿ ಹಾಕುತ್ತೇನೆ. ಲಿನಕ್ಸಿನ ಪರ್ಮಿಷನ್, ಲಿಂಕುಗಳನ್ನೂ ಎಕ್ಸ್‌ಫ್ಯಾಟ್ ಇಟ್ಟುಕೊಳ್ಳುವುದಿಲ್ಲ, ಟಾರ್ ಒಳಗೆ ಅವೂ ಉಳಿಯುತ್ತವೆ. ನನ್ನ ಬ್ಯಾಕಪ್ ಮಾತ್ರ ಬೇರೆ ಡಿಸ್ಕಿನಲ್ಲಿ, ಇಎಕ್ಸ್‌ಟಿ4ನಲ್ಲೇ. ಬಸ್ಸಿನಲ್ಲಿ ಓಡಾಡುವ ಡಿಸ್ಕನ್ನು ತಿಜೋರಿ ಅಂತ ನಂಬುವವನಲ್ಲ ನಾನು.

ಹೆಸರಿನ ಗಲಾಟೆ ಕೊನೆಗೆ ಬಂತು. "ರಾತ್ರಿ 10:30" ಅಂತ ನಾನು ಇಟ್ಟ ಫೈಲನ್ನು ಆರ್‌ಸಿಂಕ್ ಎಂಬ ಪ್ರೋಗ್ರಾಂ ಕಾಪಿ ಮಾಡಲಿಲ್ಲ, "ಇನ್‌ವ್ಯಾಲಿಡ್ ಆರ್ಗ್ಯುಮೆಂಟ್" ಅಂದಿತು. ಕೋಲನ್, ಪ್ರಶ್ನೆ ಚಿಹ್ನೆ ಇಲ್ಲಿ ನಡೆಯುವುದಿಲ್ಲ. ಇದು ಸಣ್ಣದು. ದೊಡ್ಡದು ಭಾವನಿಂದ ಬಂತು. ಅವರು ಫೈಲಿನ ಹೆಸರಲ್ಲೇ ಪ್ರಸಂಗ, ಮೇಳ, ಭಾಗವತರು, ವೇಷಧಾರಿಗಳು, ಊರು, ತಾರೀಕು ಎಲ್ಲ ಕನ್ನಡದಲ್ಲಿ ಬರೆದಿಟ್ಟಿದ್ದರು. ಡಿಸ್ಕಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ನನ್ನ ಲ್ಯಾಪ್‌ಟಾಪಿಗೆ ಎಳೆದರೆ ಹೆಸರು ಉದ್ದವಾಯಿತು ಅಂತ ನಿಂತಿತು.

ಎಕ್ಸ್‌ಫ್ಯಾಟ್‌ನಲ್ಲಿ ಹೆಸರಿಗೆ 255 ಅಕ್ಷರಸಂಕೇತ ಹಿಡಿಯುತ್ತದೆ. ನನ್ನ ಲ್ಯಾಪ್‌ಟಾಪಿನ ಇಎಕ್ಸ್‌ಟಿ4ನಲ್ಲಿ 255 ಬೈಟ್. ಇಂಗ್ಲಿಷಿನವರಿಗೆ ಎರಡೂ ಒಂದೇ. ನಮಗೆ ಒಂದೊಂದು ಸಂಕೇತಕ್ಕೆ ಮೂರು ಬೈಟ್, ಸಿಗುವುದು 85 ಮಾತ್ರ. ಅದರಲ್ಲೂ ಒತ್ತಕ್ಷರ ದುಬಾರಿ. "ಕ್ಷ" ಒಂದೇ ಅಕ್ಷರ ಅಂತ ನಾವು ಓದುತ್ತೇವೆ, ಒಳಗೆ ಅದು ಕ, ವಿರಾಮ (ಅರ್ಧಾಕ್ಷರದ ಚಿಹ್ನೆ), ಷ ಅಂತ ಮೂರು, ಒಂಬತ್ತು ಬೈಟ್. "ಯಕ್ಷಗಾನ" ಅನ್ನುವಷ್ಟಕ್ಕೇ 21 ಬೈಟ್ ಹೋಯಿತು.

ಭಾವನಿಗೆ ಇದನ್ನು ವಿವರಿಸಿದೆ. "ಹಾಗಾದರೆ ಭಾಗವತರ ಹೆಸರು ಬಿಡಬೇಕಾ?" ಅಂತ ಕೇಳಿದರು, ಬೇಜಾರಿನಲ್ಲಿ. ಬಿಡುವುದು ಬೇಡ ಅಂದೆ. ಈಗ ಫೋಲ್ಡರಿಗೆ ತಾರೀಕು ಮತ್ತು ಪ್ರಸಂಗದ ಹೆಸರು, ಉಳಿದದ್ದೆಲ್ಲ ಒಳಗೆ "ವಿವರ" ಎಂಬ ಟೆಕ್ಸ್ಟ್ ಫೈಲಿನಲ್ಲಿ. ಅದೂ 128 ಕೆಬಿ ತಿನ್ನುತ್ತದೆ, ತಿನ್ನಲಿ. ಮೊನ್ನೆ ಬಂದ ವಿವರದಲ್ಲಿ ಮದ್ದಳೆಯವರ ಹೆಸರು, ಚೌಕಿಯಲ್ಲಿ ಯಾರು ಯಾರಿಗೆ ಮುಂಡಾಸು ಕಟ್ಟಿದರು ಅನ್ನುವುದೂ ಇತ್ತು.