ಎರಡೂವರೆ ಇಂಚಿನಲ್ಲಿ ಒಂದು ಗೋಪುರ

ಅಗಲ ಎರಡೂವರೆ ಇಂಚು, ಉದ್ದ ಮೂರೂವರೆ ಇಂಚು. ಇಸ್ಪೀಟ್ ಎಲೆಯ ಅಳತೆ. ಇಷ್ಟು ಜಾಗದಲ್ಲಿ ಒಂದು ಕಸೂತಿ ಗೋಪುರ ತೆಗೆದು, ಹಿಂದೆ ನನ್ನ ಹೆಸರು, ತಾರೀಖು ಬರೆದು ಇನ್ನೊಬ್ಬ ಕಲಾವಿದರಿಗೆ ಕೊಡುತ್ತೇನೆ. ಅವರು ತಮ್ಮ ಕೈಯಿಂದ ಮಾಡಿದ ಒಂದು ಕಾರ್ಡು ನನಗೆ ಕೊಡುತ್ತಾರೆ. ನಡುವೆ ದುಡ್ಡಿನ ಮಾತು ಬರುವುದಿಲ್ಲ. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುತ್ತಾರಲ್ಲ, ಹಾಗೆ.

ಈ ಪದ್ಧತಿ ನಮ್ಮ ಕಡೆಯದಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಊರಿನಲ್ಲಿ ಎಂ. ವೆಂಚಿ ಸ್ಟಿರ್ನೆಮನ್ ಎಂಬ ಕಲಾವಿದರು 1997ರಲ್ಲಿ ಶುರು ಮಾಡಿದರು. ತಾವೇ ಕೈಯಾರೆ ಮಾಡಿದ 1,200 ಕಾರ್ಡುಗಳನ್ನು ತಮ್ಮ ಪುಸ್ತಕದಂಗಡಿಯಲ್ಲಿ ಪ್ರದರ್ಶನಕ್ಕಿಟ್ಟರು. ಬೇಕಾದವರು ಕೊಳ್ಳುವ ಹಾಗಿರಲಿಲ್ಲ. ತಾವೂ ಒಂದು ಮಾಡಿಕೊಂಡು ಬಂದು ಬದಲಿಸಿಕೊಳ್ಳಬೇಕಿತ್ತು. ಆಟಗಾರರ ಫೋಟೋ ಇರುವ ಕಾರ್ಡುಗಳನ್ನು ಮಕ್ಕಳು ಅದಲುಬದಲು ಮಾಡಿಕೊಳ್ಳುತ್ತಾರಲ್ವಾ, ಅಳತೆ ಅಲ್ಲಿಂದಲೇ ಬಂತು. ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ ಅಂತ ಹೆಸರು. ಬಣ್ಣ, ಕಾಗದ, ಬಟ್ಟೆ, ನೂಲು ಯಾವುದಾದರೂ ನಡೆಯುತ್ತದೆ. ಅಳತೆ ಮಾತ್ರ ಬದಲಾಗುವ ಹಾಗಿಲ್ಲ, ಮತ್ತು ಮಾರುವ ಹಾಗಿಲ್ಲ.

ನಾನು ಧಾರವಾಡದವಳು. ಕಸೂತಿ ಕಲಿತದ್ದು ನನ್ನ ಅತ್ತೆಯಿಂದ. ನಾನು ಏನೇ ಹಾಕಿ ತೋರಿಸಿದರೂ ಅವರು ಮೊದಲು ಬಟ್ಟೆ ಮಗುಚುತ್ತಿದ್ದರು. "ಮುಂದಿನ ಮಗ್ಗಲು ಎಲ್ಲಾರೂ ಛಲೋ ಹಾಕ್ತಾರವಾ, ಹಿಂದಿಂದು ತೋರ್ಸು" ಅನ್ನುತ್ತಿದ್ದರು. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದೂ ಇಲ್ಲ. ಎಳೆ ಎಣಿಸಿ ಸೂಜಿ ಹಾಕಬೇಕು. ಗೆರೆ ಎಳೆಯುವ ಗವಂತಿ, ಮೆಟ್ಟಿಲಿನಂತೆ ಸಾಗುವ ಮುರಗಿ, ನೇಯ್ದಂತೆ ಕಾಣುವ ನೇಗಿ, ಗುಣಿಸುವ ಗುರುತಿನಂಥ ಮೆಂತಿ ಅಂತ ನಾಲ್ಕು ಹೊಲಿಗೆ. ಇವುಗಳಲ್ಲಿ ಗವಂತಿ ಮತ್ತು ಮುರಗಿ ಮುಂದೆ ಹಿಂದೆ ಒಂದೇ ಥರ ಕಾಣುತ್ತವೆ. ಯಾವುದು ಮೇಲ್ಭಾಗ ಅಂತ ಹಾಕಿದವರಿಗೂ ಗೊತ್ತಾಗಬಾರದು, ಅಷ್ಟು ಚೊಕ್ಕ ಇರಬೇಕು.

ಕಾರ್ಡಿನ ವಿಷಯದಲ್ಲಿ ನನಗೆ ತೊಡಕಾದದ್ದು ಇದೇ. ಬಟ್ಟೆಯ ಕಾರ್ಡು ಮಾಡುವ ಹೆಚ್ಚಿನವರು ಕಸೂತಿಯ ಹಿಂದೆ ಗಟ್ಟಿ ಬಟ್ಟೆಯನ್ನೋ ರಟ್ಟನ್ನೋ ಅಂಟಿಸಿ ಅದರ ಮೇಲೆ ಹೆಸರು ಬರೆಯುತ್ತಾರೆ. ದಾರ ಸುತ್ತಾಡಿದ್ದೆಲ್ಲ ಮುಚ್ಚಿಹೋಗುತ್ತದೆ, ಸುಲಭ. ಆದರೆ ಗವಂತಿ ಹಾಕಿ ಅದರ ಬೆನ್ನನ್ನು ಮುಚ್ಚಿಟ್ಟರೆ ಅರ್ಧ ಕೆಲಸವನ್ನೇ ಮುಚ್ಚಿಟ್ಟ ಹಾಗೆ. ಅದರಲ್ಲೂ ಪಡೆಯುವವರು ಸೂಜಿ ಹಿಡಿದವರು. ಅವರು ತಿರುಗಿಸಿ ನೋಡಿಯೇ ನೋಡುತ್ತಾರೆ. ಅಲ್ಲಿ ಅವರಿಗೆ ಏನು ಕಾಣಬೇಕು? ನನ್ನ ಮಟ್ಟಿಗೆ ಈ ಕಾರ್ಡಿನ ಇಡೀ ಕೆಲಸ ಆ ಒಂದು ಪ್ರಶ್ನೆಯ ಸುತ್ತ ಬೆಳೆದದ್ದು.

ನಾನು ಕಂಡುಕೊಂಡ ದಾರಿ ಚೌಕಟ್ಟಿನದು. ಕಾರ್ಡಿನಳತೆಯ ಎರಡು ಚೌಕಟ್ಟು, ಎರಡರಲ್ಲೂ ನಡುವೆ ಕಿಟಕಿ. ಮಧ್ಯದಲ್ಲಿ ಒಂದೇ ಪದರದ ಕಸೂತಿ ಬಟ್ಟೆ. ಬೆಳಕಿಗೆ ಹಿಡಿದರೆ ಎರಡೂ ಕಡೆಯಿಂದ ಗೋಪುರ ಕಾಣುತ್ತದೆ. ಎಡ, ಬಲ, ಮೇಲೆ ಕಾಲು ಇಂಚು ಪಟ್ಟಿ, ಕೆಳಗೆ ಅರ್ಧ ಇಂಚು. ಕೆಳಗಿನ ಆ ಅರ್ಧ ಇಂಚಿನಲ್ಲಿ, ಹಿಂಬದಿಗೆ, ಹೆಸರಿನ ಪಟ್ಟಿ ಬರುತ್ತದೆ. ಹೆಸರಿನ ಪಟ್ಟಿಗೆ ಪರಕರಕ್ಕೆ ಹಾಕುವ ಸಣ್ಣ ಹತ್ತಿ ಲಾಡಿ ಬಳಸುತ್ತೇನೆ. ಅದರ ಅಂಚು ಬಿಚ್ಚುವುದಿಲ್ಲ, ಮಡಚಬೇಕಾಗಿಲ್ಲ. ಅಳಿಸದ ಮಸಿಯ ಸಣ್ಣ ಮೊನೆಯ ಪೆನ್ನಿನಲ್ಲಿ ಹೆಸರು, ಊರು, ತಾರೀಖು, ಕಾರ್ಡಿಗೆ ಇಟ್ಟ ಹೆಸರು ಬರೆದು, ಒಂದು ಸಲ ಇಸ್ತ್ರಿ ಮಾಡಿ ಆಮೇಲೆ ಹೊಲಿಯುತ್ತೇನೆ. ಒಂದೇ ನಮೂನೆ ಕೆಲವು ಕಾರ್ಡಿನಲ್ಲಿ ಬಂದಿದ್ದರೆ ಇದು ಎಷ್ಟರಲ್ಲಿ ಎಷ್ಟನೆಯದು ಅಂತಲೂ ಬರೆಯಬೇಕು.

ಚೌಕಟ್ಟಿನ ಮೇಲೆ ಹಾಕುವುದು ಗುಳೇದಗುಡ್ಡದ ಖಣ. ಹುಬ್ಬಳ್ಳಿ ಧಾರವಾಡದಲ್ಲಿ ಖಣದ ಕುಪ್ಪಸ ಹೊಲಿಯುವ ಟೇಲರ್ ಹತ್ತಿರ ಕೇಳಿದರೆ ಕತ್ತರಿಸಿ ಉಳಿದ ತುಂಡು ಚೀಲದ ತುಂಬ ಸಿಗುತ್ತದೆ. ಖಣದ ನಮೂನೆ ಸಣ್ಣದು, ಹಾಗಾಗಿ ಕಾಲಿಂಚಿನ ಪಟ್ಟಿಯಲ್ಲೂ ಅದು ಖಣ ಅಂತ ಗುರುತು ಸಿಗುತ್ತದೆ. ಒಳಗಿನ ಬಿಗಿಗೆ ಹಳೆಯ ಲಗ್ನಪತ್ರಿಕೆಯ ರಟ್ಟು ಬಳಸುವವರಿದ್ದಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಧಾರವಾಡದ ಮಳೆಗಾಲ ನಿಮಗೆ ಗೊತ್ತಲ್ಲ. ಆಷಾಢ ಬಂತೆಂದರೆ ರಟ್ಟು ಮೆತ್ತಗಾಗಿ ಬಾಗುತ್ತದೆ. ಅಂಗಿಯ ಕಾಲರಿಗೆ ಹಾಕುವ ಅಂಟಿನ ಕ್ಯಾನ್ವಾಸ್ ಉತ್ತಮ. ಖಣದ ಕೆಳಗಿಟ್ಟು ಬಿಸಿ ಇಸ್ತ್ರಿ ಒತ್ತಿದರೆ ಕಚ್ಚಿಕೊಳ್ಳುತ್ತದೆ. ಆಮೇಲೆ ಕಿಟಕಿಯ ಜಾಗದಲ್ಲಿ ಮೂಲೆಯಿಂದ ಮೂಲೆಗೆ ಕತ್ತರಿಸಿ, ನಾಲ್ಕು ತ್ರಿಕೋನಗಳನ್ನು ಹಿಂದಕ್ಕೆ ಮಡಚಿ, ಹೆಚ್ಚಾದದ್ದನ್ನು ಕತ್ತರಿಸಿ ಮತ್ತೆ ಇಸ್ತ್ರಿ. ಕಿಟಕಿಯ ಮೂಲೆಗಳಲ್ಲಿ ಒಂದೆಳೆ ದಾರದ ಎರಡು ಹೊಲಿಗೆ ಕೊಡಿ, ಇಲ್ಲದಿದ್ದರೆ ಅಲ್ಲಿಂದ ಎಳೆ ಬಿಚ್ಚುತ್ತದೆ.

ಇನ್ನು ಎಣಿಕೆ. ನನಗೆ ತುಂಬ ಇಷ್ಟವಾದ ಭಾಗ ಇದು.

ಹಳಬರು ಇಳಕಲ್ ಸೀರೆಯ ಮೇಲೆ ನೇರವಾಗಿ ಎಳೆ ಎಣಿಸಿ ಹಾಕುತ್ತಿದ್ದರು. ಕಪ್ಪು ಚಂದ್ರಕಾಳಿ ಸೀರೆಯ ಮೇಲೂ ಹಾಕಿದ್ದಾರೆ. ಆ ಕಣ್ಣು ಎಲ್ಲರಿಗೂ ಇರುವುದಿಲ್ಲ. ಕಲಿಯುವವರಿಗೆ ಎಳೆ ಸುಲಭವಾಗಿ ಎಣಿಸಬಹುದಾದ ಮ್ಯಾಟಿ ಬಟ್ಟೆ ಸಾಕು. ನಾನು ಕಾರ್ಡಿಗೆ ಇಂಚಿಗೆ ಸುಮಾರು 28 ಎಳೆ ಇರುವ ಸಾದಾ ಹತ್ತಿ ಬಟ್ಟೆ ಹಿಡಿಯುತ್ತೇನೆ. ಕಿಟಕಿಯ ಅಗಲ ಎರಡು ಇಂಚು, ಅಂದರೆ 56 ಎಳೆ. ನಾಲ್ಕು ಎಳೆಗೆ ಒಂದು ಹೊಲಿಗೆಯಾದರೆ 14 ಹೊಲಿಗೆ. ಉದ್ದ ಎರಡೂಮುಕ್ಕಾಲು ಇಂಚು, 77 ಎಳೆ, 19 ಹೊಲಿಗೆ. ಸುತ್ತಲೂ ಒಂದೊಂದು ಹೊಲಿಗೆಯಷ್ಟು ಜಾಗ ಖಾಲಿ ಬಿಟ್ಟರೆ ಕೈಯಲ್ಲಿ ಉಳಿಯುವುದು ಅಗಲಕ್ಕೆ 12, ಉದ್ದಕ್ಕೆ 17. ಇಡೀ ಗೋಪುರ ಅದರಲ್ಲೇ ಆಗಬೇಕು. ಅಗಲ ಸರಿಸಂಖ್ಯೆ ಬಂದದ್ದು ಒಳ್ಳೆಯದಾಯಿತು. ಎರಡೂ ಕಡೆಯಿಂದ ಆರಾರು ಹೊಲಿಗೆ ಏರಿ ಕಳಸದ ತುದಿಯಲ್ಲಿ ಒಂದೇ ರಂಧ್ರದಲ್ಲಿ ಸೇರುತ್ತವೆ. ಬೆಸಸಂಖ್ಯೆ ಬಂದರೆ ನೆತ್ತಿ ಚೂಪಾಗುವುದಿಲ್ಲ, ಚಪ್ಪಟೆಯಾಗುತ್ತದೆ.

ಸೀರೆಯ ಸೆರಗಿನ ಮೇಲೆ ಗೋಪುರ ದೊಡ್ಡದಿರುತ್ತದೆ. ಒಳಗೆ ಬಾಗಿಲು, ಬಾಗಿಲೊಳಗೆ ದೀಪ, ಪಕ್ಕಕ್ಕೆ ಹಕ್ಕಿ. ಇಲ್ಲಿ ಅವೆಲ್ಲ ಹಿಡಿಸುವುದಿಲ್ಲ. ಏನನ್ನು ಬಿಟ್ಟರೂ ಗೋಪುರ ಗೋಪುರವಾಗಿಯೇ ಉಳಿಯುತ್ತದೆ, ಏನನ್ನು ಬಿಟ್ಟರೆ ಉಳಿಯುವುದಿಲ್ಲ ಅಂತ ಚೌಕದ ಕಾಗದದಲ್ಲಿ ಬರೆದು ಬರೆದು ನೋಡಬೇಕು. ನನ್ನ ಕಾರ್ಡಿನಲ್ಲಿ ಮೆಟ್ಟಿಲು ಮೆಟ್ಟಿಲಾದ ಅಂಚು, ನಡುವೆ ಒಂದು ಬಾಗಿಲು, ಮೇಲೆ ಕಳಸ. ಇಷ್ಟೇ ಉಳಿದಿದೆ.

ಗವಂತಿಯ ದಾರಿ ಕಾಗದದ ಮೇಲೇ ಗೊತ್ತಾಗಬೇಕು. ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಬಿಡುತ್ತಾ ಹೋಗುತ್ತೇವೆ. ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುತ್ತೇವೆ. ಆಗಲೇ ಎರಡೂ ಕಡೆ ಗೆರೆ ಪೂರ್ತಿಯಾಗುವುದು. ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಓಡಾಡಬೇಕು, ಕೊನೆಗೆ ಹೊರಟ ಜಾಗಕ್ಕೇ ಬಂದು ಸೇರಬೇಕು. ಬಾಗಿಲಿನ ಗೆರೆಗಳಿಗೆ ಕವಲು ಒಡೆಯುವುದು ಹೋಗುವಾಗಲೋ ಬರುವಾಗಲೋ ಅಂತ ಮೊದಲೇ ಬಾಣದ ಗುರುತು ಹಾಕಿಕೊಳ್ಳಿ. ನಾನು ಹೋಗುವ ದಾರಿ ಕೆಂಪು ಪೆನ್ಸಿಲ್, ಬರುವ ದಾರಿ ನೀಲಿ ಪೆನ್ಸಿಲ್ ಮಾಡಿಕೊಳ್ಳುತ್ತೇನೆ. ದಾರದ ಆರು ಎಳೆಗಳಲ್ಲಿ ಎರಡೆಳೆ ತೆಗೆದುಕೊಂಡರೆ ಈ ಬಟ್ಟೆಗೆ ಸರಿಯಾಗುತ್ತದೆ. ಶುರುವಿಗೆ ಬಿಟ್ಟ ದಾರದ ತುದಿಯನ್ನು ಅದೇ ಗೆರೆಯ ಹೊಲಿಗೆಗಳ ಅಡಿಯಲ್ಲಿ ನುಸುಳಿಸಿ ಮುಗಿಸಿ. ಕಪ್ಪು ಬಟ್ಟೆಯ ಮೇಲೆ ಹಾಕುವುದಾದರೆ ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಳ್ಳಿ, ಎಳೆಗಳ ಸಂದಿ ಕಾಣುತ್ತದೆ.

ಇನ್ನೊಂದು ಮಾತು. ಕಾರ್ಡಿನಳತೆಗೆ ಬಟ್ಟೆ ಮೊದಲೇ ಕತ್ತರಿಸಬೇಡಿ, ಬಟ್ಟೆ ಬಿಗಿಹಿಡಿಯುವ ರಿಂಗಿನಲ್ಲಿ ಕೂರುವುದಿಲ್ಲ. ದೊಡ್ಡ ತುಂಡಿನ ಮೇಲೆ ಒಂದೂವರೆ ಇಂಚು ಅಂತರ ಬಿಟ್ಟು ನಾಲ್ಕೈದು ಗೋಪುರ ಹಾಕಿಕೊಂಡು, ತೊಳೆದು, ಉಲ್ಟಾ ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿ.

ಮೂರೂ ಪದರ ಸೇರಿಸಿದ ಮೇಲೆ ಅಂಚು. ಫಾಲ್ ಪೀಕೋ ಅಂಗಡಿಗೆ ಕೊಟ್ಟರೆ ಬೇಗ ಆಗುತ್ತದೆ. ಆದರೆ ಇಷ್ಟು ಸಣ್ಣ ತುಂಡು ಮಶೀನಿನಡಿ ತಿರುಗಿಸುವುದು ಕಷ್ಟ, ಮೂಲೆ ಉರುಟಾಗುತ್ತದೆ. ಕೈಯಲ್ಲಿ ಕಾಜಾ ಹೊಲಿಗೆ ಹಾಕುವುದೇ ಮೇಲು. ಮೂಲೆಯಲ್ಲಿ ಒಂದೇ ರಂಧ್ರದಿಂದ ಮೂರು ಹೊಲಿಗೆ ಬೀಸಣಿಗೆಯಾಗಿ ತೆಗೆದರೆ ಚೌಕ ನಿಲ್ಲುತ್ತದೆ. ಕೊನೆಗೆ ಅಳತೆ ನೋಡಬೇಕು. ಕಾಜಾ ಹೊಲಿಗೆಯ ದಪ್ಪ ಸೇರಿ ಎರಡೂವರೆ, ಮೂರೂವರೆ ಬರಬೇಕು. ಅಳತೆ ಮೀರಿದರೆ ಕಾರ್ಡು ಇಡುವ ಪ್ಲಾಸ್ಟಿಕ್ ಜೇಬಿನೊಳಗೆ ಹೋಗುವುದಿಲ್ಲ.

ಮೆಂತಿ ಹೊಲಿಗೆಯ ಹಿಂಬದಿ ಬೇರೆಯಾಗಿ ಕಾಣುತ್ತದೆ. ಅದಕ್ಕೆ ಕಿಟಕಿ ಬೇಕಾಗಿಲ್ಲ, ಹಿಂದೆ ಬಟ್ಟೆ ಮುಚ್ಚಿದರೆ ತಪ್ಪೇನಿಲ್ಲ.

ಕಸೂತಿ ಬೇಸರವಾದಾಗ ಕೌದಿ ಕಾರ್ಡು ಮಾಡುತ್ತೇನೆ. ಹಳೆಯ ನೂಲಿನ ಸೀರೆಯ ಮೂರು ಪದರ, ಮೇಲೆ ಬಣ್ಣಬಣ್ಣದ ತುಂಡು, ಅದರ ಮೇಲೆ ಸಾಲು ಹೊಲಿಗೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ಮೂಲೆಯಿಂದ ಹಿಡಿದು ಅಂಚಿನ ಸುತ್ತ ಹೊಲಿಯುತ್ತಾ ಒಳಗೆ ಒಳಗೆ ಬರುತ್ತಾರೆ, ನಡುಮಧ್ಯದಲ್ಲಿ ಮುಗಿಸುತ್ತಾರೆ. ನಾನೂ ಹಾಗೇ ಮಾಡುತ್ತೇನೆ. ಹೊಲಿಗೆ ಬಿದ್ದಂತೆ ಬಟ್ಟೆ ಕುಗ್ಗುತ್ತದೆ. ಅದಕ್ಕೇ ಸುತ್ತಲೂ ಕಾಲು ಇಂಚು ಜಾಸ್ತಿ ಇಟ್ಟುಕೊಳ್ಳಬೇಕು.

ಕಾರ್ಡು ಬದಲಿಸಿಕೊಳ್ಳಲು ನಾವು ಹುಬ್ಬಳ್ಳಿಯಲ್ಲಿ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಗದಗಿನವರಿಗೂ ಹಾವೇರಿಯವರಿಗೂ ಅದೇ ಅನುಕೂಲ. ಎಲ್ಲರ ಕಾರ್ಡು ಹಾಸಿಗೆಯ ಮೇಲೆ ಬಿಳಿ ಚಾದರದಲ್ಲಿ ಹರಡುತ್ತೇವೆ. ಗಿರಮಿಟ್ಟು, ಮಿರ್ಚಿ ಎಲ್ಲ ಕಾರ್ಡು ಎತ್ತಿಟ್ಟ ಮೇಲೆಯೇ. ಬರಲಾಗದವರು ಅಂಚೆಯಲ್ಲಿ ಕಳಿಸುತ್ತಾರೆ. ಒಬ್ಬರು ಎಲ್ಲರ ಕಾರ್ಡು ಕೂಡಿಸಿಕೊಂಡು, ಎಷ್ಟು ಕಳಿಸಿದ್ದಾರೋ ಅಷ್ಟೇ ಬೇರೆಯವರದನ್ನು ಹಿಂದಕ್ಕೆ ಕಳಿಸುತ್ತಾರೆ. ತಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನು ಜೊತೆಗೇ ಇಟ್ಟಿರಬೇಕು.

ಹಾವೇರಿಯ ಗೆಳತಿ ಕಂಬಳಿ ತುಂಡಿನಲ್ಲಿ ಕಾರ್ಡು ಮಾಡುತ್ತಾಳೆ. ಕಂಬಳಿ ನೇಯುವವರು ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಇವಳು ಅದನ್ನೇ ತುಂಡಿಗೆ ಸವರಿ ಒಣಗಿಸುತ್ತಾಳೆ, ಕ್ಯಾನ್ವಾಸ್ ಇಲ್ಲದೆಯೇ ಕಾರ್ಡು ನೆಟ್ಟಗೆ ನಿಲ್ಲುತ್ತದೆ. ಗದಗಿನ ಇನ್ನೊಬ್ಬರು ಒಮ್ಮೆ ಲಕ್ಕುಂಡಿಯ ಮುಸುಕಿನ ಬಾವಿಯನ್ನು ಮುರಗಿಯಲ್ಲಿ ಹಾಕಿ ತಂದರು. ಮುರಗಿ ಹೊಲಿಗೆ ಮೆಟ್ಟಿಲಿನಂತೆಯೇ ಸಾಗುವುದು. ಬಾವಿಯ ಮೆಟ್ಟಿಲುಗಳಿಗೆ ಅದಕ್ಕಿಂತ ಸರಿಯಾದ ಹೊಲಿಗೆ ಬೇರೆ ಯಾವುದಿದೆ? ನೋಡಿದ ತಕ್ಷಣ ನನಗೆ ಬೇಕು ಅಂದೆ. "ಅಕ್ಕಾರ, ನೀವು ಏನ್ ಕೊಡ್ತೀರಿ ಹೇಳ್ರಿ ಮದಲ" ಅಂದರು. ನನ್ನ ಕಪ್ಪು ಬಟ್ಟೆಯ ಗೋಪುರ ಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಬಹಳ ಹೊತ್ತು ನೋಡಿದರು. ಅಷ್ಟು ಗಮನ ಕೊಟ್ಟು ನನ್ನ ಕೆಲಸ ನೋಡಿದವರು ಅತ್ತೆಯ ನಂತರ ಅವರೇ. ನನ್ನ ಬೇರೆ ಕಸೂತಿಯನ್ನು ದುಡ್ಡು ಕೊಟ್ಟು ಕೊಂಡವರು ಯಾರೂ ಹಿಂಬದಿಯ ಎಳೆ ಎಣಿಸಿಲ್ಲ.

ಆದರೆ ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಕಸೂತಿ ಹಾಕಿ ಹೊಟ್ಟೆ ಹೊರೆಯುವ ಹೆಣ್ಣುಮಕ್ಕಳು ನಮ್ಮ ಸುತ್ತಮುತ್ತ ಇದ್ದಾರೆ. ಅವರ ಹತ್ತಿರ ಹೋಗಿ, ಬದಲಿಗೆ ನಮ್ಮದೊಂದು ಕೊಡುತ್ತೇವೆ, ಒಂದು ಕಾರ್ಡು ಹಾಕಿಕೊಡಿ ಅಂತ ಕೇಳಬಾರದು. ಅವರ ಒಂದು ಮಧ್ಯಾಹ್ನಕ್ಕೆ ಕೂಲಿ ಇದೆ. ಅವರಾಗಿ ಬಂದು ಸೇರುತ್ತೇನೆ ಅಂದರೆ ಸಂತೋಷ. ಅವರಿಂದ ಮಾಡಿಸಿ ನಮ್ಮ ಹೆಸರು ಬರೆದುಕೊಳ್ಳುವುದಂತೂ ಸರ್ವಥಾ ಕೂಡದು.

ಅಂಚೆಗೆ ಹಾಕುವಾಗ ಕಾರ್ಡನ್ನು ಮೊದಲು ಪ್ಲಾಸ್ಟಿಕ್ ಕವರಿನಲ್ಲಿ, ಆಮೇಲೆ ಎರಡು ರಟ್ಟಿನ ನಡುವೆ ಇಡಿ. ರಟ್ಟಿಗೆ ಅಂಟುಪಟ್ಟಿ ಹಚ್ಚಿ, ಕಾರ್ಡಿಗೆ ಬೇಡ. ಎಲ್ಲ ಸೇರಿ 20 ಗ್ರಾಂ ಒಳಗಿದ್ದರೆ ಸಾದಾ ಪತ್ರದ ಮೊದಲ ದರದಲ್ಲೇ ಹೋಗುತ್ತದೆ. ಮೊದಲು ನಾವು ರಿಜಿಸ್ಟರ್ ಮಾಡುತ್ತಿದ್ದೆವು. 2025ರ ಸೆಪ್ಟೆಂಬರ್ 1ರಿಂದ ಅದು ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ, ಹಾಗಾಗಿ ಬಹಳ ದಿನ ಕೂತು ಮಾಡಿದ್ದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತೇವೆ. ಲಂಬಾಣಿ ಹೊಲಿಗೆಯ ಕನ್ನಡಿ, ಕವಡೆ ಇರುವ ಕಾರ್ಡುಗಳನ್ನು ಅಂಚೆಗೆ ಹಾಕಬೇಡಿ. ಠಸ್ಸೆಯ ಏಟಿಗೆ ಒಡೆಯುತ್ತವೆ. ಅವು ಕೈಯಿಂದ ಕೈಗೇ ಹೋಗಬೇಕು.

ಮುಂದಿನ ಸಲಕ್ಕೆ ಎಲ್ಲರೂ ತುಳಸಿಕಟ್ಟೆ ಹಾಕುವುದು ಅಂತ ಮಾತಾಗಿದೆ. ಚೌಕದ ಕಾಗದದಲ್ಲಿ ಕಟ್ಟೆ ಸಲೀಸಾಗಿ ಬಂತು. ಗಿಡದ ಕೊಂಬೆಗಳ ಮೇಲೆ ನೀಲಿ ಗೆರೆ ಇನ್ನೂ ಹೊರಟ ಜಾಗಕ್ಕೆ ಬಂದು ಸೇರುತ್ತಿಲ್ಲ. ಎಡಗಡೆಯ ಒಂದು ಕೊಂಬೆಯನ್ನು ಹೋಗುವಾಗ ಬಿಟ್ಟು ಬರುವಾಗ ಹತ್ತಿ ನೋಡಬೇಕು.