ಅಮ್ಮನ ಜೊತೆ ಎವೊರಾಕ್ಕೆ, ವ್ಯಾನಿನಲ್ಲಿ ಒಂದು ದಿನ

ಅಮ್ಮನಿಗೆ ಮಂಡಿ ನೋವು. ಅರ್ಧ ಗಂಟೆ ನಡೆದರೆ ಹತ್ತು ನಿಮಿಷ ಕೂರಬೇಕು. ಹಾಗಾಗಿ ಪೋರ್ಚುಗಲ್‌ಗೆ ಹೋದಾಗ ಲಿಸ್ಬನ್‌ನಲ್ಲಿ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ತೆಗೆದುಕೊಂಡೆವು. ಮಲಗಲು ಜಾಗ, ಒಲೆ, ಶೌಚಾಲಯ ಎಲ್ಲವೂ ಜೊತೆಗೇ ಇರುತ್ತದೆ ಅಲ್ವಾ? 3,500 ಕಿಲೋ ಒಳಗಿನ ವ್ಯಾನ್ ಆದ್ದರಿಂದ ನನ್ನ ಕಾರಿನ ಲೈಸೆನ್ಸೇ ಸಾಕಾಯಿತು.

ಸುತ್ತ ಕೋಟೆಗೋಡೆ ಇರುವ ಹಳೆಯ ಊರು ಎವೊರಾ, ಲಿಸ್ಬನ್‌ನಿಂದ ಸುಮಾರು 130 ಕಿ.ಮೀ. ಬೇಸಿಗೆಯಲ್ಲಿ ಆ ಕಡೆ 40 ಡಿಗ್ರಿ ದಾಟುವುದೂ ಉಂಟು, ನಿಲ್ಲಿಸಿದ ವ್ಯಾನ್ ಕಾದ ಹೆಂಚಾಗುತ್ತದೆ. ನಾವು ಹೋಗಿದ್ದು ಅಕ್ಟೋಬರ್‌ನಲ್ಲಿ. ಬೆಳಿಗ್ಗೆ ಏಳಕ್ಕೆ ಹೊರಟು ಮೊಂಟೆಮೋರ್ ತನಕ ಹೈವೇ ಹಿಡಿದು, ಅಲ್ಲಿಂದ ಹಳೆಯ ರಸ್ತೆಗೆ ಇಳಿದೆವು. ಎರಡೂ ಬದಿ ಬಾಟಲಿಯ ಬಿರಟೆ (ಕಾರ್ಕ್) ಕೊಡುವ ಮರಗಳು. ಒಂಬತ್ತು ವರ್ಷಕ್ಕೊಮ್ಮೆ ಅವುಗಳ ತೊಗಟೆ ಸುಲಿಯುತ್ತಾರೆ. ಯಾವ ವರ್ಷ ಸುಲಿದದ್ದೋ ಅದರ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. ಅಮ್ಮ ದಾರಿಯುದ್ದಕ್ಕೂ ಅಂಕಿ ಓದುತ್ತಾ ಕೂತಿದ್ದಳು.

ಎವೊರಾಕ್ಕೆ ಮುಂಚೆ ಗ್ವಾಡಲೂಪೆ ಎಂಬ ಹಳ್ಳಿಯ ಕಡೆ ತಿರುಗಿದರೆ ಅಲ್ಮೆಂಡ್ರೆಸ್ ಸಿಗುತ್ತದೆ. ಇಳಿಜಾರಿನಲ್ಲಿ ಸುಮಾರು 95 ನಿಲುಗಲ್ಲುಗಳು, ಆರೇಳು ಸಾವಿರ ವರ್ಷ ಹಳೆಯವು. ಕೊನೆಯ ಕೆಲವು ಕಿ.ಮೀ. ಮಣ್ಣಿನ ರಸ್ತೆ. ಪಾತ್ರೆಗಳ ಸಂದಿಗೆ ಟವೆಲ್ ತುರುಕಿ, ನಿಧಾನಕ್ಕೆ ಹೋಗಿ. ಬೆಳಿಗ್ಗೆ ಅಲ್ಲಿ ನಾವಿಬ್ಬರೇ ಇದ್ದೆವು.

ಎವೊರಾದಲ್ಲಿ ನಾನು ಒಂದು ತಪ್ಪು ಮಾಡಿದೆ. ಫೋನಿನ ನಕ್ಷೆ ಹೇಳಿದಂತೆ ಕೋಟೆಯೊಳಗೆ ವ್ಯಾನ್ ನುಗ್ಗಿಸಿದೆ. ಎರಡು ತಿರುವಿನಲ್ಲೇ ಓಣಿ ಎಷ್ಟು ಕಿರಿದಾಯಿತೆಂದರೆ, ಕನ್ನಡಿಗೂ ಗೋಡೆಗೂ ನಡುವೆ ಗೇಣು ಜಾಗವೂ ಇರಲಿಲ್ಲ. ಹಿಂದಿನ ಕಾರಿನವರು ಇಳಿದು, ತಮ್ಮ ಕಾರು ಹಿಂದಕ್ಕೆ ತೆಗೆದು, ಕೈ ತೋರಿಸುತ್ತಾ ನಮ್ಮನ್ನು ಹೊರಗೆ ತಂದರು. ಅವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ. ದಯವಿಟ್ಟು ವ್ಯಾನನ್ನು ಕೋಟೆಯ ಹೊರಗೇ ಬಿಡಿ.

ಆಮೇಲೆ ಕೋಟೆಯ ಲಾಗೋವಾ ಬಾಗಿಲಿನ ಹತ್ತಿರ, ಮೇಲ್ಗಾಲುವೆಯ ಪಕ್ಕದಲ್ಲಿ ನಿಲ್ಲಿಸಿದೆವು. ಊರಿಗೆ ಕುಡಿಯುವ ನೀರು ತರಲು 1530ರ ದಶಕದಲ್ಲಿ ಕಮಾನುಗಳ ಮೇಲೆ ಕಟ್ಟಿದ ಕಾಲುವೆ ಇದು. ಹೆಸರು ‘ಬೆಳ್ಳಿ ನೀರು’. ಅಲ್ಲಿಂದ ಒಳಗೆ ಹೋಗುವ ರುವಾ ದು ಕಾನು, ಅಂದರೆ ಕೊಳವೆ ಬೀದಿ, ನನಗೆ ಈ ಊರಿನಲ್ಲಿ ತುಂಬಾ ಇಷ್ಟವಾದ ಜಾಗ. ಕಮಾನುಗಳ ಹೊಟ್ಟೆಯೊಳಗೇ ಜನ ಮನೆ ಕಟ್ಟಿಕೊಂಡಿದ್ದಾರೆ. ಕಾಲುವೆ ಒಂದೇ ಮಟ್ಟದಲ್ಲಿ ಹೋಗುತ್ತದೆ, ನೆಲ ಮೇಲೇರುತ್ತದೆ. ಹಾಗಾಗಿ ಒಳಗೆ ಹೋದಂತೆ ಕಮಾನು ತಗ್ಗುತ್ತದೆ, ಅದರೊಳಗಿನ ಮನೆಯೂ ಚಿಕ್ಕದಾಗುತ್ತದೆ. ಅಮ್ಮ ಒಂದು ಹೊಸ್ತಿಲ ಪಕ್ಕದಲ್ಲಿ ಕೂತು, ಬಾಗಿಲಿನ ತುಳಸಿಯಂಥ ಗಿಡವನ್ನು ಮುಟ್ಟಿ ಮುಟ್ಟಿ ನೋಡಿದಳು.

ರೋಮನ್ ದೇಗುಲ ಮೇಲಿನ ದಿಬ್ಬದಲ್ಲಿದೆ. ಹದಿನಾಲ್ಕು ಕಂಬ ಉಳಿದಿವೆ. ಕಂಬ ಗ್ರಾನೈಟ್‌ನದು, ತಲೆಭಾಗ ಎಸ್ಟ್ರೆಮೋಸ್ ಎಂಬ ಊರಿನ ಅಮೃತಶಿಲೆ. ನಡುವೆ ಗೋಡೆ ಕಟ್ಟಿ 1836ರವರೆಗೆ ಅದನ್ನು ಮಾಂಸದ ಅಂಗಡಿ ಮಾಡಿಕೊಂಡಿದ್ದರಂತೆ. ಆ ಗೋಡೆಗಳಿಂದಲೇ ಕಂಬಗಳು ಬೀಳದೆ ಉಳಿದವು ಅನ್ನುತ್ತಾರೆ. ಗೋಡೆಗೆ ಮನುಷ್ಯರ ಮೂಳೆಗಳನ್ನೇ ಜೋಡಿಸಿದ ಪ್ರಾರ್ಥನಾ ಮಂದಿರವೂ ಇದೆ, ಅಲ್ಲಿಗೆ ಅಮ್ಮ ಬರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಅದರ ಬದಲು ಸಾವ್ ಫ್ರಾನ್ಸಿಸ್ಕೊ ಚರ್ಚಿನ ಪಕ್ಕದ ಮಾರ್ಕೆಟ್ಟಿಗೆ ಹೋದೆವು. ಫಲಕದಲ್ಲಿ ‘ಬಟಾಟಾ’ ಅಂತಿತ್ತು. ಹೊನ್ನಾವರದ ಅಮ್ಮ ಹುಟ್ಟಿದಾಗಿನಿಂದ ಆಲೂಗಡ್ಡೆಗೆ ಬಟಾಟೆ ಅನ್ನುವವಳು. ಅನಾನಸಿಗೂ ಅಲ್ಲಿ ಅನಾನಾಸ್, ಚಾವಿಗೆ ಶಾವ್. ನಮ್ಮ ಕರಾವಳಿಗೆ ಈ ಮಾತುಗಳು ಬಂದದ್ದು ಪೋರ್ಚುಗೀಸರಿಂದಲೇ. ಅವಳ ಮುಖ ಅರಳಿಹೋಯಿತು. ಎವೊರಾ ಇರುವ ಅಲೆಂತೇಜು ಪ್ರಾಂತ್ಯದ ಕಡೆ ಅಡುಗೆಗೆ ಕೊತ್ತಂಬರಿ ಸೊಪ್ಪು ಜಾಸ್ತಿ ಬಳಸುತ್ತಾರೆ. ಬೆಳ್ಳುಳ್ಳಿ, ಕೊತ್ತಂಬರಿ ಅರೆದು, ಆಲಿವ್ ಎಣ್ಣೆ, ಬಿಸಿನೀರು ಹಾಕಿ, ಹಳೆಯ ಬ್ರೆಡ್ ನೆನೆಸಿ ಮಾಡುವ ‘ಅಸೋರ್ಡಾ’ ಇಲ್ಲಿಯ ಊಟ. ಸಸ್ಯಾಹಾರಿಗಳು ಒಮ್ಮೆ ಕೇಳಿ ನೋಡಿ, ಮೀನು ಬೇಯಿಸಿದ ನೀರನ್ನೇ ಹಾಕುವುದೂ ಉಂಟು.

ಒಂದು ಕಿಲೋ ಬಟಾಟೆ, ಒಂದು ಕಟ್ಟು ಕೊತ್ತಂಬರಿ ಕೊಂಡು ವ್ಯಾನಿಗೆ ಮರಳಿದೆವು. ಪಾರ್ಕಿಂಗ್‌ನಲ್ಲಿ ಹೊರಗೆ ಕುರ್ಚಿ, ಮೇಜು ಹಾಕಿದರೆ ಕ್ಯಾಂಪಿಂಗ್ ಮಾಡಿದಂತೆ, ಅದು ಕೂಡದು. ಕಿಟಕಿ ತೆರೆದು ಒಳಗೇ ಪಲ್ಯ ಮಾಡಿದೆವು. ಅಮ್ಮ ಒಂದು ಗಂಟೆ ಕಾಲು ಚಾಚಿ ಮಲಗಿದಳು. ಎದ್ದವಳೇ, “ಆ ಕೊಳವೆ ಬೀದಿಗೆ ಇನ್ನೊಂದು ಸಲ ಹೋಗೋಣ್ವಾ?” ಅಂದಳು. ಹೋದೆವು.