ರೋಜಾ ಬಿಡೋದು ಯಾವೂರ ಟೈಮಿಗೆ?

ರಂಜಾನ್ ಬಂತಂದ್ರೆ ನಂಗೆ ಹಗಲೆಲ್ಲಾ ರೋಜಾ, ಅಂದ್ರೆ ಉಪವಾಸ. ಆಗ ಆಫೀಸಲ್ಲಿ ಎಲ್ರೂ ನನ್ನ ಕೇಳೋದು ಎರಡೇ ಪ್ರಶ್ನೆ, "ನೀರೂ ಕುಡಿಯಲ್ವಾ?" ಅಂತ ಒಂದು, "ಸಾಯಂಕಾಲ ಮಾಸ್ಕ್ ರೋಡಿಗೆ ಕರ್ಕೊಂಡ್ ಹೋಗ್ತೀಯಾ?" ಅಂತ ಇನ್ನೊಂದು; ಬೆಂಗಳೂರಲ್ಲಿ ರಂಜಾನ್ ತಿಂಡಿಗೆ ಹೆಸರಾದ ಬೀದಿ ಅದು. ನೀರೂ ಕುಡಿಯಲ್ಲ ಮಾರಾಯ್ರೇ. ಮಾಸ್ಕ್ ರೋಡಿಗೆ ಬೇಕಾದ್ರೆ ಹೋಗೋಣ, ಆದ್ರೆ ಆ ಹಲೀಮು ಕಬಾಬು ಎಲ್ಲಾ ರೋಜಾ ಬಿಟ್ಟಾದ್ಮೇಲಿನ ಕಥೆ. ಸೂರ್ಯ ಮುಳುಗಿದ್ಮೇಲೆ ಬಿಡೋದಕ್ಕೆ ಒಂದು ಖರ್ಜೂರ, ಎರಡು ಗುಟುಕು ನೀರು ಸಾಕು.

ತುಮಕೂರಲ್ಲಿ ನಮ್ಮನೇಲಿ ಐದತ್ತು ನಿಮಿಷ ಮುಂಚೇನೇ ದಸ್ತರ್‌ಖಾನ್ ಹಾಸಿ ಎಲ್ರೂ ಕೂತ್ಬಿಡ್ತೀವಿ, ತಟ್ಟೆ ಎದುರಿಗೇ ಇರುತ್ತೆ ಯಾರೂ ಮುಟ್ಟಲ್ಲ, ಅವರವರ ದುವಾ (ಪ್ರಾರ್ಥನೆ) ಅವರವರು ಮಾಡ್ತಿರ್ತಾರೆ. ಸೂರ್ಯ ಮುಳುಗಿದಾಗಿನ ಮಗ್ರಿಬ್ ಅಜಾನ್ ಶುರುವಾಯ್ತು ಅಂದ್ರೆ ಬಿಸ್ಮಿಲ್ಲಾ ಅಂತ ಖರ್ಜೂರ ಬಾಯಿಗೆ. ಪ್ರವಾದಿಯವರು ಹಸಿ ಖರ್ಜೂರದಲ್ಲಿ ಬಿಡ್ತಿದ್ರಂತೆ, ಇಲ್ಲಾಂದ್ರೆ ಒಣಗಿದ್ದು, ಅದೂ ಇಲ್ಲಾಂದ್ರೆ ನೀರು. ಟೈಮಾದ್ಮೇಲೂ ಇನ್ನರ್ಧ ಗಂಟೆ ತಡ್ಕೋತೀನಿ ಅಂತ ಗತ್ತು ತೋರ್ಸೋದ್ರಲ್ಲಿ ಪುಣ್ಯ ಏನಿಲ್ಲ, ತಡಮಾಡದೆ ಬಿಡೋದೇ ಸುನ್ನತ್, ಅಂದ್ರೆ ಪ್ರವಾದಿಯವರ ರೂಢಿ. ಆಮೇಲೆ ಹೇಳೋ ಒಂದು ದುವಾ ನಂಗೆ ತುಂಬಾ ಇಷ್ಟ: ಬಾಯಾರಿಕೆ ಹೋಯ್ತು, ನರಗಳು ತಂಪಾದ್ವು, ಅಲ್ಲಾಹ್ ಇಚ್ಛಿಸಿದ್ರೆ ಪ್ರತಿಫಲ ಸಿಕ್ತು ಅಂತ ಅದರ ಅರ್ಥ. ಮಾರ್ಚ್ ಬಿಸಿಲಲ್ಲಿ ಹದಿಮೂರು ಗಂಟೆ ಕಳೆದು ಮೊದಲ ಗುಟುಕು ಗಂಟಲಲ್ಲಿ ಇಳೀವಾಗ ಆ ನರದ ಮಾತು ಗೊತ್ತಾಗುತ್ತೆ.

ಶುರುಶುರುನಲ್ಲಿ ಪಿಜಿಗೆ ಬಂದಾಗ ಅಜಾನ್ ಆಗಿದ್ದೇ ತಡ ನಾಲ್ಕು ಸಮೋಸ, ಮೆಣಸಿನಕಾಯಿ ಬಜ್ಜಿ, ಮೇಲೆ ಐಸ್ ಹಾಕಿದ ರೂಹ್ ಅಫ್ಜಾ ಎಲ್ಲಾ ಒಟ್ಟಿಗೆ ತುಂಬ್ತಿದ್ದೆ, ನಮಾಜಲ್ಲಿ ಬಗ್ಗಿದ್ರೆ ಎದೆಯೆಲ್ಲಾ ಉರಿ, ರಾತ್ರಿಯ ತರಾವೀಹ್ ನಮಾಜಿಗೆ ನಿಲ್ಲೋಕೇ ಆಗ್ತಿರ್ಲಿಲ್ಲ. ಈಗ ಮೂರು ಖರ್ಜೂರ, ನೀರು, ಕಲ್ಲಂಗಡಿ ಇದ್ರೆ ಎರಡು ಹೋಳು, ಮಗ್ರಿಬ್ ನಮಾಜು, ಆಮೇಲೆ ಗಂಜಿ. ಮಸೀದಿ ಗಂಜಿ ಅಂದ್ರೆ ಕಾಯಿಲೆಯವರ ಗಂಜಿ ಅಲ್ಲ, ನುಚ್ಚಕ್ಕಿ, ಹೆಸರುಬೇಳೆ, ಮೆಂತ್ಯ, ಪುದೀನ, ಸ್ವಲ್ಪ ಕೀಮಾ, ಕೊನೇಲಿ ತೆಂಗಿನಹಾಲು. ಅಮ್ಮಿ ಮಾಡೋದು ಚೆನ್ನಾಗಿರುತ್ತೆ ಆದ್ರೂ ಮಸೀದಿ ದೊಡ್ಡ ಡೇಗ್ಚಾದ ರುಚಿ ಬರಲ್ಲ, ಅವಳಿಗೆ ಹೇಳ್ಬೇಡಿ.

ಇಷ್ಟೆಲ್ಲಾ ಗೊತ್ತಿದ್ದೂ 2025ರ ರಂಜಾನಲ್ಲಿ ಒಂದು ರೋಜಾ ಕೆಡಿಸ್ಕೊಂಡೆ. ಕೆಲಸದ ಮೇಲೆ ಮಂಗಳೂರಿಗೆ ಹೋಗಿದ್ದೆ, ರೂಮಲ್ಲಿ ಒಬ್ಬನೇ, ಫೋನಲ್ಲಿ ಆ್ಯಪ್ ನೋಡ್ತಾ ಕೂತಿದ್ದೆ, ಆರೂವರೆ ದಾಟಿ ಅದು ಅಜಾನ್ ಕೂಗ್ತು, ಖರ್ಜೂರ ತಿಂದು ಅರ್ಧ ಬಾಟಲ್ ನೀರು ಕುಡಿದು ಕರ್ಟನ್ ಸರಿಸ್ತೀನಿ, ಸೂರ್ಯ ಇನ್ನೂ ಆರಾಮಾಗಿ ಕೂತವ್ನೆ! ಲೊಕೇಶನ್ ಆಫ್ ಇತ್ತು, ಆ್ಯಪು ಬೆಂಗಳೂರಲ್ಲೇ ಇತ್ತು. ಮಂಗಳೂರು ಪಶ್ಚಿಮಕ್ಕಿರೋದ್ರಿಂದ ಅಲ್ಲಿ ಸೂರ್ಯ ಮುಳುಗೋದು ಬೆಂಗಳೂರಿಗಿಂತ ಹತ್ತು ಹನ್ನೊಂದು ನಿಮಿಷ ಲೇಟು. ತಕ್ಷಣ ನಿಲ್ಲಿಸಿ ಅಲ್ಲಿನ ಅಜಾನ್ ಆಗೋವರೆಗೂ ಏನೂ ಮುಟ್ಲಿಲ್ಲ. ನಮ್ಮ ಮೌಲ್ವಿ ಹಜರತ್‌ಗೆ ಫೋನ್ ಮಾಡ್ದೆ. ಅವರು ನಕ್ಕು, "ಬೇಕಂತ ಮಾಡಿಲ್ವಲ್ಲ, ಕಫ್ಫಾರಾ ಏನಿಲ್ಲ, ಈದ್ ಆದ್ಮೇಲೆ ಒಂದು ಕಜಾ ಇಟ್ಕೊ ಬೇಟಾ" ಅಂದ್ರು. ಅಂದ್ರೆ ಪ್ರಾಯಶ್ಚಿತ್ತ ಬೇಡ, ಕೆಟ್ಟಿದ್ದರ ಬದಲಿಗೆ ಇನ್ನೊಂದು ರೋಜಾ ಇಟ್ರೆ ಸಾಕು.

ಅಲ್ಲಿಂದ ಈಚೆಗೆ ಎಲ್ಲಿ ಹೋದ್ರೂ ಆ ಊರಿನ ಮಸೀದಿ ಟೈಮ್‌ಟೇಬಲ್ಲಿನ ಫೋಟೋ ತಗೊಂಡ್ಬಿಡ್ತೀನಿ. ಬಸ್ಸಲ್ಲಿದ್ರೆ ಬಸ್ಸು ಆಗ ಎಲ್ಲಿದ್ಯೋ ಆ ಜಾಗದ ಟೈಮೇ ಲೆಕ್ಕ, ಹತ್ತಿದ ಊರಿಂದಲ್ಲ. ವಿಮಾನದಲ್ಲಂತೂ ಕೆಳಗಿನ ಊರಲ್ಲಿ ಅಜಾನ್ ಆಗಿದ್ರೂ ಕಿಟಕೀಲಿ ಸೂರ್ಯ ಕಾಣ್ತಿದ್ರೆ ಕಾಯ್ಬೇಕು.

ಕಜಾ ಇಟ್ಟಿದ್ದು ಏಪ್ರಿಲಲ್ಲಿ. ಗಂಜಿ ಇಲ್ಲ, ಸಮೋಸ ಗಾಡಿ ಇಲ್ಲ, ಇಡೀ ಪಿಜಿಲಿ ನಾನೊಬ್ಬನೇ ರೋಜಾ. ಹಾಸನದ ರೂಮ್‌ಮೇಟು ಸಾಯಂಕಾಲ ಬಾಳೆಹಣ್ಣು ತಂದಿಟ್ಟು ಗಡಿಯಾರ ನೋಡ್ತಾ ಕೂತಿದ್ದ. "ಆಯ್ತು ಕಣೋ, ಕುಡಿ" ಅಂತ ಗ್ಲಾಸ್ ಮುಂದಿಟ್ಟ, ನಾನು ಕೈ ಹಾಕೋಷ್ಟರಲ್ಲಿ ವಾಪಸ್ ಎಳ್ಕೊಂಡು, "ತಡಿ, ಇದು ಯಾವೂರ ಟೈಮು?" ಅಂದ.